ತಲೆನೋವು

ಚೀಟಿ ಬರೆಯುವ ಕಿಟಕಿಯ ಕಂಬಿಯಾಚೆ
ತಲೆ ಎತ್ತದೆ ಕೇಳಿದ: ಏನು ತೊಂದರೆ?
ಹಿಂದೆ ನಲವತ್ತು ಜನ.
ಆಲೂಗಡ್ಡೆ ಮೂಟೆ ಇಳಿಸಿ ನೇರ ಬಂದವನ ಉಸಿರು
ನನ್ನ ಜಡೆಗೆ ತಾಗುತ್ತಿತ್ತು.
ತಲೆನೋವು, ಅಂದೆ.

ನಿಂತದ್ದು ಮುಟ್ಟು. ಮೂರು ತಿಂಗಳಾಯಿತು.
ಕ್ಯಾಲೆಂಡರಿಗೆ ಸುತ್ತು ಹಾಕಲು ತಬಸ್ಸುಮ್ ಕೊಟ್ಟ ಕೆಂಪು ಪೆನ್ನು
ಹಾಸ್ಟೆಲ್ ಕಿಟಕಿಯಲ್ಲೇ ಒಣಗಿತು.
ಯಾರ ಜೊತೆಗೂ ಏನೂ ಆಗಿಲ್ಲ ಕಣೇ, ಅಂದೆ.
ಆಗಿದ್ದರೂ ಡಾಕ್ಟರು ಡಾಕ್ಟರೇ ತಾನೆ, ಅಂದಳು.

ಹೇಮಗಂಗೋತ್ರಿಯ ಲ್ಯಾಬಿನಲ್ಲಿ
ಒಂದು ಹನಿ ಹೆಚ್ಚಾದರೆ ತಿರುಗುವ ಬಣ್ಣವನ್ನು
ಮೂರು ಸಲ ಅಳೆದು ಬರೆಯುವವಳು ನಾನು.
ನನ್ನ ಮೈಯ ಲೆಕ್ಕಕ್ಕೆ ಮಾತ್ರ
ಎಳ್ಳು, ಬೆಲ್ಲ, ಯೂಟ್ಯೂಬಿನ ಮೆಂತ್ಯದ ನೀರು.

ಗಂಡನ ಹೆಸರು?
ಇಲ್ಲ.
ಹಾಗಾದರೆ ತಂದೆಯದು ಹೇಳಿ.
ಇಪ್ಪತ್ಮೂರರ ನನ್ನನ್ನು ಯಾರದಾದರೊಂದು ಹೆಸರಿನ ಮೊಳೆಗೆ ನೇತುಹಾಕದೆ
ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲವಂತೆ.

ಸ್ನೇಹ ಕ್ಲಿನಿಕ್ಕಿಗೆ ಬೀಗ. ಗುರುವಾರ ಮಾತ್ರ.
ಇವತ್ತು ಮಂಗಳವಾರ.
ಜನರಲ್ ರೂಮಿನ ಎಳೆಯ ಡಾಕ್ಟರಮ್ಮ
ನನ್ನ ಮುಖ ನೋಡಿ, ಚೀಟಿ ನೋಡಿ,
ತಲೆಯಾ? ಎಂದು ಮೆಲ್ಲಗೆ ಕೇಳಿ
ಹದಿನೇಳನೇ ರೂಮು ಅಂತ ಗೀಚಿದಳು.

ಅಲ್ಲಿ ಬೆಂಚಿನ ತುದಿಗೆ, ಸೆರಗಲ್ಲಿ ಬಾಯಿ ಮುಚ್ಚಿಕೊಂಡು,
ನಮ್ಮೂರ ಕೆಂಚಮ್ಮತ್ತೆ!
ಪಾಳ್ಯದ ಬಸ್ಸಿಗೆ ನನಗಿಂತ ಮೊದಲೇ
ನನ್ನ ಸುದ್ದಿ ಹತ್ತಿ ಸೀಟು ಹಿಡಿದಿರುತ್ತದೆ.
‘ಏನವ್ವ, ಇಲ್ಲಿ?’
ತಲೆನೋವು ಅತ್ತೆ. ನೀವು?
‘ನಂಗೂ ಅದೇ ಕಣವ್ವ.’

ಎದುರು ಗೋಡೆಗೆ ಗರ್ಭಕೋಶದ ಚಿತ್ರ,
ಕೊಂಬು ಚಾಚಿದ ಟಗರಿನ ಮುಖದ ಹಾಗೆ.
ಇಬ್ಬರೂ ಅದನ್ನೇ ನೋಡಿದೆವು.
ಮೊದಲು ನಕ್ಕದ್ದು ಅತ್ತೆ.

‘ಆರು ವರ್ಷ ಆಯ್ತು. ಕೆಮ್ಮಿದ್ರೆ ಸಾಕು, ಜಾರಿ ಬತ್ತದೆ.
ಶುಂಠಿ ಕೀಳೋವಾಗ ಒಂದು ಕೈಲಿ ಒತ್ತಿಕೊಂಡೇ ಕೀಳ್ತೀನಿ.
ಯಾರ್ಗೆ ಹೇಳಾನ?’

ನಾನೂ ಹೇಳಿದೆ, ಮೂರು ತಿಂಗಳು.
ಹುಬ್ಬು ಏರಿಸಲಿಲ್ಲ ಎಂದರೆ ಸುಳ್ಳಾದೀತು.
ಏರಿಸಿದರು.
ಸ್ವಲ್ಪ ಹೊತ್ತು ಅಲ್ಲೇ ಇಟ್ಟರು.
ಆಮೇಲೆ ಇಳಿಸಿ
ಚೀಲದಿಂದ ಕೋಡುಬಳೆ ತೆಗೆದು
ಮುರಿದು, ದೊಡ್ಡ ತುಂಡು ನನಗೆ ಕೊಟ್ಟರು.

ಬಾಗಿಲು ಸರಿಸಿ ನರ್ಸಮ್ಮ ಕೂಗಿದರು:
ತಲೆನೋವು ಅಂತ ಬರೆಸಿರೋದು ಯಾರು?

ನಾನು ಎದ್ದೆ. ಅತ್ತೆ ಎದ್ದರು.
ಬೆಂಚಿನ ಆ ತುದಿಯಿಂದ
ಇನ್ನೂ ಮೂವರು.