ಹೋಲಿಕೆಯ ತೂಕ

ಮ್ಲಾದಾ ಬೋಲೆಸ್ಲಾವ್, ಫೆಬ್ರುವರಿ.
ಯಿಜೆರಾ ಹೊಳೆಯ ಅಂಚಿಗೆ ಕೆನೆಗಟ್ಟಿದ ಹಾಗೆ ಮಂಜುಗಡ್ಡೆ.
ರಾತ್ರಿಯಿಡೀ ಲೆಕ್ಕ ಹಾಕಿದ ಯಂತ್ರ
ಬೆಳಗಿನ ಜಾವಕ್ಕೆ ಒಂದು ಮೂಳೆಯನ್ನು ಹೆತ್ತಿದೆ.

ಮೂಳೆ ಅಂದವಳು ಸ್ವತವಾ.
ಕಡತದಲ್ಲಿ ಅದರ ಹೆಸರು: ಮುಂಭಾಗದ ತೊಲೆ, ನಲವತ್ತೊಂದನೆಯ ಸಲ.
ಮೊರದಲ್ಲಿ ಕಲ್ಲು ಆರಿಸಿದಂತೆ
ಬೇಡದ ಉಕ್ಕನ್ನೆಲ್ಲ ಹೆಕ್ಕಿ ಎಸೆದು
ಉಳಿಸಿಕೊಂಡ ಆಕಾರ.
ತೇವ ಹುಡುಕುವ ಬೇರಿನ ಹಾಗೆ
ಬಲ ಹರಿದ ದಾರಿಯಲ್ಲಿ ಕವಲು, ಕವಲಿಗೆ ಮತ್ತೆ ಕವಲು.

ಪರದೆಯ ಮೇಲೆ ಗೋಡೆ. ಗಂಟೆಗೆ ಐವತ್ತಾರು ಕಿಲೋಮೀಟರು.
ತೊಲೆ ಮಡಿಯುತ್ತದೆ,
ಒಂದು, ಎರಡು, ಮೂರು, ಇಸ್ತ್ರಿಯವನು ಒಗ್ಗಿದ ಕೈಯಲ್ಲಿ
ಅಂಗಿ ಮಡಿಸಿದಷ್ಟು ಶಾಂತವಾಗಿ.
ಅದು ಮಡಿದರೆ, ಒಳಗೆ ಕೂತವರು ಮಡಿಯುವುದಿಲ್ಲ.
(ಆ ಪದಕ್ಕೆ ಎರಡು ಅರ್ಥವಿರುವುದು ನನ್ನ ಭಾಷೆಯಲ್ಲಿ.
ಅವಳಿಗೆ ಒಂದೇ ಸಾಕು.)

ಪ್ರೆಸ್ ವಿಭಾಗದಿಂದ ಲಿಬೋರ್ ಬಂದ.
ಮೂವತ್ತೊಂದು ವರ್ಷದ ಸೇವೆ, ಬಲಗೈಗೆ ನಾಲ್ಕು ಬೆರಳು.
ಚಿತ್ರವನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ,
"ಚೆಂದ ಇದೆ," ಅಂದ. "ಇದನ್ನು ಒತ್ತೋದು ಯಾವ ಅಚ್ಚಿನಲ್ಲಿ?
ಕೆಳಗೆ ಮಲಗಿದಾವಲ್ಲ, ಹನ್ನೆರಡು ಟನ್ನಿನವು,
ಅವಕ್ಕೆ ಹಳೇ ಗಾಡಿಯ ನೆನಪು ಮಾತ್ರ ಇರೋದು."

ತಾಯಿಯಂತೆ ಮಗಳು, ನೂಲಿನಂತೆ ಸೀರೆ.
ಉಕ್ಕಿಗೆ ಈ ಗಾದೆ ಯಾರೂ ಕಲಿಸಿಲ್ಲ.
ಹಾಗಾಗಿ ಅವಳೇ ಸಮೀಕರಣದ ಬಾಲಕ್ಕೆ ಒಂದು ಪದ ಕಟ್ಟಿದಳು:
ಹಳೆಯದರಿಂದ ದೂರ ಹೋದಷ್ಟೂ ದಂಡ.
ದಂಡಕ್ಕೊಂದು ತೂಕ.
ಸೊನ್ನೆ ಇಟ್ಟರೆ ಮನೆಯವರ ಗುರುತೇ ಹತ್ತದ ಕೂಸು,
ಒಂದು ಇಟ್ಟರೆ ಪಡಿಯಚ್ಚು;
ಆ ಪಡಿಯಚ್ಚು ನಡುವೆ ಮುರಿದು
ಪೆಡಲನ್ನು ಚಾಲಕನ ಮೊಣಕಾಲಿಗೆ ತಂದು ನಿಲ್ಲಿಸುತ್ತದೆ.

ಇವೆರಡರ ನಡುವೆ ಎಲ್ಲೋ.

ಕ್ಯಾಂಟೀನಿನಲ್ಲಿ ಬೆಳ್ಳುಳ್ಳಿ ಸೂಪು ಬಡಿಸುತ್ತ
ವ್ಲಾಸ್ತಾ ಅಂದಳು: "ಊದೋ ರೀತಿ ನೋಡು, ಥೇಟು ನಿನ್ನಮ್ಮ."
ಅಮ್ಮ ಇಲ್ಲೇ, ಸೀಟು ಹೊಲಿಯುವ ಸಾಲಿನಲ್ಲಿ ಇದ್ದವಳು.
ಸ್ವತವಾ ಚಮಚ ಕೆಳಗಿಟ್ಟು
ಸೂಪು ತಾನಾಗಿಯೇ ಆರಲೆಂದು ಕಾದಳು.

ತೂಕವನ್ನು ಇಳಿಸುತ್ತ ಹೋದಳು, ಉಪ್ಪು ನೋಡಿದಂತೆ, ಚಿಟಿಕೆ ಚಿಟಿಕೆ.
ಎಂಟು ಹತ್ತಾಂಶ: ಇನ್ನೂ ಮೊಣಕಾಲು.
ಆರು: ತೊಲೆ ಅಳುಕಿ ಪಕ್ಕಕ್ಕೆ ವಾಲಿತು.
ಮಾರ್ಚಿಯಲ್ಲಿ ಒಂದು ಮಂಗಳವಾರ, ಮೂವತ್ತೇಳು ಶತಾಂಶಕ್ಕೆ,
ಬೇರಿನ ಕವಲುಗಳು ಹಳೆಯ ತೊಲೆಯ ಮೈಯೊಳಗೇ
ಸದ್ದಿಲ್ಲದೆ ದಾರಿ ಮಾಡಿಕೊಂಡವು.
ಲಿಬೋರ್ ಕನ್ನಡಕ ಏರಿಸಿ ನೋಡಿದ.
"ಮಗಳಲ್ಲ ಇದು. ಅಕ್ಕನ ಮಗಳು.
ಅಚ್ಚನ್ನು ಎರಡು ಕಡೆ ಉಜ್ಜಿದರೆ ಆಯ್ತು."

ಜೂನ್. ನಿಜವಾದ ಗೋಡೆ, ನಿಜವಾದ ಸದ್ದು,
ಆಮೇಲೆ ಗಾಜಿನ ಚೂರುಗಳ ತಡವಾದ ಮಾತು.
ಬೊಂಬೆಯ ಹಣೆಗೆ ಬಳಿದ ಕೆಂಪು
ಗಾಳಿಚೀಲದ ಮೇಲೆ ಕುಂಕುಮದಷ್ಟೇ ಅಂಟಿತ್ತು.
ಮೊಣಕಾಲಿನ ನೀಲಿ ಮೊಣಕಾಲಿನಲ್ಲೇ ಇತ್ತು.
ಲಿಬೋರ್ ನಾಲ್ಕು ಬೆರಳಿನಲ್ಲಿ ಬಾಗಿಲೆಳೆದ. ತೆರೆಯಿತು.

ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ನೆಲಕ್ಕೆ ಕುಕ್ಕರಿಸಿ
ಬಿಸಿ ಆರದ ಮಡಿಕೆಗಳನ್ನು ಬೆರಳಿಂದ ಎಣಿಸಿದಳು.
ಒಂದು, ಲೆಕ್ಕದಂತೆ. ಎರಡು, ಲೆಕ್ಕದಂತೆ.
ಮೂರನೆಯದು ಎಡಕ್ಕೆ ಸೊಟ್ಟಗೆ ಹೊರಳಿತ್ತು,
ಹಳೆಯ ಗಾಡಿಯನ್ನೂ ಹೋಲದೆ,
ಅವಳ ಪರದೆಯನ್ನೂ ಹೋಲದೆ.