ಬೆಂದ ಬಿಳುಪು

ಲೋಕಾಪುರದಾಚೆ ಸುಣ್ಣದ ಭಟ್ಟಿ.
ಲೇಬರ್ ಕಾರ್ಡಿಗೆ ಮೂವತ್ತೊಂದು ಫೋಟೋ,
ತಲಾ ನಲವತ್ತು ರೂಪಾಯಿ, ಸಂಜೆಯೊಳಗೆ.
ಹಿಂದೆ ಕಟ್ಟಲು ನೀಲಿ ಬಟ್ಟೆ ತಂದಿದ್ದೆ,
ಹತ್ತೇ ನಿಮಿಷದ ಗಾಳಿಗೆ ಅದೂ ಬೆಳ್ಳಗಾಯಿತು.
ಬಿಚ್ಚಿ ಮಡಚಿಟ್ಟೆ.

ಮಧ್ಯಾಹ್ನ ಹನ್ನೆರಡೂವರೆ.
ನೆಲ ಬಿಳಿ, ಗುಡ್ಡೆ ಬಿಳಿ, ಮಲಗಿದ ನಾಯಿಯ ಬೆನ್ನೂ ಬಿಳಿ.
ಸಾಲಾಗಿ ನಿಂತವರ ರೆಪ್ಪೆಗಳೂ ನೆರೆತಿದ್ದವು.

ಮೀಟರು ಗೆರೆಯನ್ನು ಸೊನ್ನೆಗೆ ತಂದು
ಸರಿಯಿದೆ, ಒತ್ತು ಎಂದಿತು.
ಒತ್ತಿದೆ.
ಪರದೆಯ ಮೇಲೆ ಮೋಡ ಕವಿದ ಇನ್ಯಾವುದೋ ಊರು,
ಬೂದಿಯ ದಿಬ್ಬ, ಮುಂದೆ ಮುಖವಿಲ್ಲದ ಒಂದು ಸೆರಗು.

ಅದರ ತಪ್ಪಲ್ಲ. ಅದಕ್ಕೆ ಗೊತ್ತಿರುವ ಬಣ್ಣ ಒಂದೇ.
ಎಮ್ಮೆ ತೋರಿಸಿದರೂ ನಡುಬೂದು,
ಹಾಲು ತೋರಿಸಿದರೂ ನಡುಬೂದು.

ಕೆಲಸ ಕಲಿಸಿದ ಮುಧೋಳದ ಗೈಬುಸಾಬ ಅನ್ನುತ್ತಿದ್ದ:
'ಮಿಶನ್ ಕೇಳಬ್ಯಾಡ, ಅಂಗೈ ಕೇಳು.
ಬಿಸಲಿಗೆ ಹಿಡಿ, ಅಳತಿ ತಗೋ, ಒಂದು ಸ್ಟಾಪ್ ಬಿಚ್ಚು.'
ಹಿಡಿಯಹೋದರೆ ನನ್ನ ಅಂಗೈಯೂ ಸುಣ್ಣ.
ಬಾಟಲಿಯ ನೀರಿಗೆ ಕೈ ಹಾಕಿದೆ.
'ತೊಳೀಬ್ಯಾಡೋ, ಸುಡತೈತಿ!'
ಕ್ರಮಸಂಖ್ಯೆ ಹದಿನೇಳು, ಯಮನವ್ವ,
ಸೆರಗಿನ ಗಂಟಿನಿಂದ ಎಣ್ಣೆಶೀಶೆ ತೆಗೆದು ಕೊಟ್ಟಳು.
ಒರೆಸಿದೆ. ಎಣ್ಣೆಗೆ ಅಂಗೈ ಹೊಳೆಯಿತು,
ಆ ಅಳತೆಯೂ ಸುಳ್ಳು.

ಆಮೇಲೆ ಅವಳೇ ಬಗ್ಗಿ ಪರದೆ ನೋಡಿದಳು.
'ನನ್ನ ಮಾರಿ ಕರ್ರಗ ಬರಲಿ ಬಿಡೋ ತಮ್ಮಾ, ಇರೂದ ಹಂಗೈತಿ.
ಸುಣ್ಣಾ ಯಾಕ ಹೊಲಸ ಮಾಡಿದಿ?
ಮೂರು ಹಗಲು, ಮೂರು ರಾತ್ರಿ ಉರಿ ಹಾಕೇವಿ.'

ಒಂದು ಸ್ಟಾಪ್ ಬಿಚ್ಚಿದೆ.
'ಹಸಿ ಐತಿ ಇನ್ನಾ.'
ಒಮ್ಮೆಲೇ ಮೂರು.
ಮುಖ ಬಂತು, ಮೂಗುತಿ ಬಂತು,
ಹಿಂದಿನ ಗುಡ್ಡೆ ಮಾತ್ರ ಅಂಚು ಕಳಕೊಂಡು
ಬರೀ ಕಾಗದವಾಯಿತು.
'ಇದು ಸತ್ತೈತಿ. ಹೆಚ್ಚಿಗೆ ಸುಟ್ಟ ಕಲ್ಲು,
ನೀರು ಹಾಕಿದರ ಅರಳೂದಿಲ್ಲ.'

ಒಂದೂ ಮುಕ್ಕಾಲಿನ ಹತ್ತಿರ ಎಲ್ಲೋ
ಅವಳು ಏನೂ ಅನ್ನಲಿಲ್ಲ.
ಹಲ್ಲಿನ ಹೊಗೆಸೊಪ್ಪು ಉಗುಳಿ ಬಂದು,
ನೆಟ್ಟಗೆ ನಿಂತಳು.
ಉಳಿದ ಮೂವತ್ತನ್ನೂ ಅದೇ ಲೆಕ್ಕದಲ್ಲಿ ತೆಗೆದೆ.

ತಾಲೂಕು ಕಚೇರಿಯವರು ಎಲ್ಲದರ ಜೆರಾಕ್ಸ್ ಕೇಳಿದರು.
ಹದಿನೇಳನೆಯದರಲ್ಲಿ
ಮುಖವಿದ್ದ ಕಡೆ ಒಂದು ಕರಿ ಕಲೆ.
ಅದರ ಹಿಂದೆ ಗುಡ್ಡೆ,
ಬೆಳ್ಳಗೆ.