ಅವಳ ಮುಖ

ಹನ್ನೊಂದು ಸಲ ಅವಳೆದುರು ಕುದುರೆ ಓಡಿಸಿದ್ದೇನೆ.
ಎದುರು ಅನ್ನುವುದು ಬರೀ ಮಾತಿಗೆ.
ನಾನು ಕಂಡದ್ದು ಬಾಲ, ಹಿಂಗಾಲಿನ ಒಂದು ಬಿಳಿ ಗೊರಸು,
ಕಣ್ಣಿಗೆ ರಾಚಿದ ಸ್ಯಾಂಟಿಯಾಗೋದ ಮರಳು.

ಕಮಾಂಚಾಕಾ. ಉತ್ತರದ ಕಡಲಮಂಜಿನ ಹೆಸರು.
ಇಪ್ಪತ್ತಮೂರು ಓಟ, ಇಪ್ಪತ್ತಮೂರೂ ಅವಳವೇ.
ಒಂದು ಮಾತ್ರ ಮೂಗಿನಳತೆಯದು, ಫೋಟೋ ತೊಳೆದ ಮೇಲೆ ತಿಳಿದದ್ದು.
ಬದಿಗೆ ಬದಿ ತಾಗಿಕೊಂಡೇ ಬಂದಿದ್ದೆವು;
ಆಗಲೂ ನಾನು ಗೆರೆಯನ್ನೇ ನೋಡುತ್ತಿದ್ದೆ.
ನನ್ನ ಕುದುರೆ ಮೂರು ದಿನ ಮೇವು ಮುಟ್ಟಲಿಲ್ಲ.

ಮೊನ್ನೆ ರಾಂಕಾಗುವಾದ ಹುಲ್ಲುಗಾವಲಿಗೆ ಹೋದೆ.
ಲಾಯದ ಎಲಿಯೋದೋರೊ ಬೇಲಿಯತ್ತ ಗದ್ದ ಆಡಿಸಿದ.
ತುಂಬಿದ ಬಸುರಿ. ನಿಧಾನ ತಿರುಗಿದಳು.

ಹಣೆಯಲ್ಲಿ ಸುಳಿ, ಕೆಳಗೆ
ಯಾರೋ ಅರ್ಧ ಒರೆಸಿಬಿಟ್ಟಂಥ ಚುಕ್ಕಿ.
ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅಂಗೈಯ ಸಕ್ಕರೆ ಮೂಸಿ, ಬಿಟ್ಟು,
ನನ್ನ ಟೋಪಿ ಕಚ್ಚಿಕೊಂಡು ಹೊರಟಳು.
ಮತ್ತೆ ಅದೇ ಬಾಲ.